ಬ್ರೆಜಿಲ್‌ನಲ್ಲಿ ಕಬ್ಬಿನ ಎಥನಾಲ್‌ನಲ್ಲೇ ಗಾಡಿ ಓಡುತ್ತಂತೆ. ಅಲ್ಲಿ ಇದ್ದು ನೋಡಿದವರು ಹೇಳ್ತೀರಾ?

ಕೂಳೆಕಬ್ಬು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ಕಡೆ. ಎರಡೂವರೆ ಎಕರೆ ಕಬ್ಬು ಇದೆ, ಅಪ್ಪ ನೋಡಿಕೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನನ್ನ ಹತ್ತಿರ 2012ರ ಬೈಕ್ ಇದೆ. ಶನಿವಾರ ಅದರಲ್ಲೇ ಊರಿಗೆ ಹೋಗಿ ಭಾನುವಾರ ಸಂಜೆ ವಾಪಸ್ ಬರುತ್ತೇನೆ.

ಬಂಕ್‌ಗಳಲ್ಲಿ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ವಾದ ನಡೀತಾ ಇದೆ. ಮೊದಲು ಲೀಟರಿಗೆ 58 ಕಿಲೋಮೀಟರ್ ಕೊಡುತ್ತಿದ್ದ ಬೈಕ್ ಈಗ 54 ಕೊಡುತ್ತಿದೆ. ನಾನು ಇದನ್ನು ಹೇಳಿದರೆ ಅಪ್ಪ, "ಎಥನಾಲ್ ಮಾರಿದ್ರೆ ತಾನೆ ಕಾರ್ಖಾನೆಯವರು ಕಬ್ಬಿನ ಬಿಲ್ಲು ಬೇಗ ಕೊಡೋದು? ನಿನ್ನ ನಾಲ್ಕು ಕಿಲೋಮೀಟರ್ ಹೋದ್ರೆ ಹೋಗ್ಲಿ ಬಿಡು" ಅಂತಾರೆ. ಅವರ ಮಾತೂ ತಪ್ಪಲ್ಲ, ನನ್ನ ಲೆಕ್ಕವೂ ತಪ್ಪಲ್ಲ.

ಈ ವಿಷಯ ಬಂದಾಗಲೆಲ್ಲ ಎಲ್ಲರೂ ಬ್ರೆಜಿಲ್ ಹೆಸರು ಹೇಳುತ್ತಾರೆ. ಅಲ್ಲಿ ನಿಜವಾಗಿ ಏನಾಯ್ತು? ಎಷ್ಟು ವರ್ಷ ಹಿಡೀತು? ಜನ ಒಪ್ಪಿಕೊಂಡ್ರಾ? ಗಾಡಿ ಹಾಳಾಗಲಿಲ್ವಾ? ಕಬ್ಬು ಬೆಳೆಯುವವನಿಗೆ ಏನು ಸಿಕ್ಕಿತು? ವಿಡಿಯೋಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಇದ್ದು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹುದುಗು ಬರೆದದ್ದು:

ಮದ್ದೂರು ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಾನು ಪಾಂಡವಪುರದವಳು. 2009ರಿಂದ 2018ರವರೆಗೆ ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಪಿರಾಸಿಕಾಬಾ ಎಂಬ ಊರಿನಲ್ಲಿದ್ದೆ. ಕಬ್ಬಿನ ಹಾಲನ್ನು ಎಥನಾಲ್ ಮಾಡುವ ಯೀಸ್ಟ್ ಇದೆಯಲ್ಲ, ಅದನ್ನು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ. ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಕಬ್ಬು. ಮೊದಲ ವಾರ ಬಸ್ಸಿನಲ್ಲಿ ಕೂತು ಹೋಗುವಾಗ ನಮ್ಮೂರ ನೆನಪಾಗಿ ಕಣ್ಣು ತುಂಬಿ ಬಂದಿತ್ತು. ಆಮೇಲೆ ಗೊತ್ತಾಯ್ತು, ಆ ಗದ್ದೆಗಳಲ್ಲಿ ನಾಲೆ ಇಲ್ಲ, ಪಂಪ್‌ಸೆಟ್ ಇಲ್ಲ. ಅಲ್ಲಿನ ಕಬ್ಬು ಹೆಚ್ಚಿನದೆಲ್ಲ ಮಳೆಯಲ್ಲೇ ಬೆಳೆಯುತ್ತದೆ. ಕೆಆರ್‌ಎಸ್ ನೀರು ಬಿಟ್ಟರೆ ಕಬ್ಬು, ಇಲ್ಲದಿದ್ದರೆ ಇಲ್ಲ ಅನ್ನುವ ನಮ್ಮ ಸ್ಥಿತಿಗೂ ಅದಕ್ಕೂ ಬಹಳ ವ್ಯತ್ಯಾಸ. ಬ್ರೆಜಿಲ್ ಉದಾಹರಣೆ ಕೊಡುವವರು ಇದನ್ನು ಹೇಳುವುದೇ ಇಲ್ಲ.

ಎಷ್ಟು ವರ್ಷ ಅಂತ ಕೇಳಿದಿರಿ. ಪೆಟ್ರೋಲಿಗೆ ಎಥನಾಲ್ ಬೆರೆಸುವುದನ್ನು ಅವರು 1931ರಲ್ಲೇ ಶುರು ಮಾಡಿದ್ದರು. ಗೆತುಲಿಯೊ ವಾರ್ಗಸ್ ಸರ್ಕಾರ ಆಮದು ಪೆಟ್ರೋಲಿಗೆ 5% ಬೆರೆಸಬೇಕು ಅಂತ ಕಾನೂನು ಮಾಡಿತ್ತು. ಆದರೆ ದೊಡ್ಡ ಹೆಜ್ಜೆ ಇಟ್ಟದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಆಗ ಬ್ರೆಜಿಲ್ ತನಗೆ ಬೇಕಾದ ತೈಲದಲ್ಲಿ ಸುಮಾರು 80% ಹೊರಗಿನಿಂದ ತರುತ್ತಿತ್ತು. ಬೆಲೆ ನಾಲ್ಕು ಪಟ್ಟಾಯಿತು. ಅದೇ ಹೊತ್ತಿಗೆ ಪ್ರಪಂಚದ ಮಾರುಕಟ್ಟೆಯಲ್ಲಿ ಸಕ್ಕರೆ ಬೆಲೆ ಕುಸಿಯಿತು. ಒಂದು ಕಡೆ ತೈಲದ ಸಾಲ, ಇನ್ನೊಂದು ಕಡೆ ಕೆಲಸವಿಲ್ಲದೆ ನಿಂತ ಸಕ್ಕರೆ ಕಾರ್ಖಾನೆಗಳು. 1975ರ ನವೆಂಬರ್ 14ರಂದು ಜನರಲ್ ಎರ್ನೆಸ್ಟೊ ಗೈಸೆಲ್ ಸರ್ಕಾರ 'ಪ್ರೊಆಲ್ಕೂಲ್' ಯೋಜನೆ ತಂದಿತು. ಕಾರ್ಖಾನೆಗಳಿಗೆ ಡಿಸ್ಟಿಲರಿ ಕಟ್ಟಲು ಕಡಿಮೆ ಬಡ್ಡಿಗೆ ಸಾಲ ಸಿಕ್ಕಿತು, ಮಾಡಿದ ಎಥನಾಲ್ ಕೊಂಡೇ ಕೊಳ್ಳುತ್ತೇವೆ ಅನ್ನುವ ಭರವಸೆಯೂ ಸಿಕ್ಕಿತು.

ಎಂಜಿನ್ ಕೆಲಸ ಮಾಡಿದ್ದು ಸಾವೊ ಜೋಸೆ ದೋಸ್ ಕಾಂಪೋಸ್ ಊರಿನಲ್ಲಿರುವ ವಾಯುಪಡೆಯ ತಾಂತ್ರಿಕ ಕೇಂದ್ರ. ಅಲ್ಲಿ ಉರ್ಬಾನೊ ಸ್ಟುಂಪ್ಫ್ ಅನ್ನುವ ಎಂಜಿನಿಯರ್ ಇದ್ದರು. ಎಥನಾಲ್ ಕಾರು ಅಂದರೆ ಅವರ ಹೆಸರನ್ನೇ ಹೇಳುತ್ತಾರೆ. 1976ರಲ್ಲಿ ಅವರು ಮೂರು ಕಾರುಗಳನ್ನು ಶುದ್ಧ ಎಥನಾಲ್‌ಗೆ ಒಗ್ಗಿಸಿ ದೇಶದ ಉದ್ದಗಲಕ್ಕೂ ಸಾವಿರಾರು ಕಿಲೋಮೀಟರ್ ಓಡಿಸಿ ತೋರಿಸಿದರು. 1979ರಲ್ಲಿ ಎರಡನೇ ಸಲ ತೈಲ ಬೆಲೆ ಏರಿತು. ಅದೇ ವರ್ಷ ಎಥನಾಲ್‌ನಲ್ಲಿ ಮಾತ್ರ ಓಡುವ ಫಿಯಟ್ 147 ಕಾರ್ಖಾನೆಯಿಂದಲೇ ತಯಾರಾಗಿ ಹೊರಬಂತು. ಹೊಗೆಯಲ್ಲಿ ಕಬ್ಬಿನ ಸಾರಾಯಿ ವಾಸನೆ ಬರುತ್ತಿತ್ತು. ಅಲ್ಲಿನ ಸಾರಾಯಿಗೆ ಕಶಾಸ ಅಂತಾರೆ. ಅದಕ್ಕೇ ಜನ ಆ ಕಾರನ್ನು ಪ್ರೀತಿಯಿಂದ 'ಕಶಾಸಿನ್ಯಾ' ಅಂತ ಕರೆದರು.

ಗಾಡಿ ಹಾಳಾಗಲಿಲ್ವಾ ಅಂದರೆ, ಆಯ್ತು. ಮೊದಮೊದಲು ಸಣ್ಣ ವರ್ಕ್‌ಶಾಪ್‌ಗಳಲ್ಲಿ ಪೆಟ್ರೋಲ್ ಎಂಜಿನ್‌ಗಳನ್ನು ಹೇಗೆ ಹೇಗೋ ಬದಲಾಯಿಸಿಕೊಡುತ್ತಿದ್ದರಂತೆ. ಕಾರ್ಬುರೇಟರ್ ತಿಂದುಹೋಗುತ್ತಿತ್ತು, ರಬ್ಬರ್ ಪೈಪ್ ಊದುತ್ತಿತ್ತು. ಕಂಪನಿಗಳು ಕಾರ್ಬುರೇಟರ್‌ಗೆ ನಿಕ್ಕಲ್ ಲೇಪ ಕೊಟ್ಟವು, ಟ್ಯಾಂಕಿನ ಒಳಗೆ ಲೇಪ ಹಾಕಿದವು, ಎಂಜಿನ್‌ನ ಕಂಪ್ರೆಷನ್ ಹೆಚ್ಚಿಸಿದವು. ಚಳಿಗಾಲದ ಬೆಳಿಗ್ಗೆ ಎಥನಾಲ್ ಗಾಡಿ ಸ್ಟಾರ್ಟ್ ಆಗದು. ಅದಕ್ಕೆ ಬಾನೆಟ್ ಒಳಗೆ ಒಂದು ಪುಟ್ಟ ಪೆಟ್ರೋಲ್ ಡಬ್ಬಿ ಇಟ್ಟರು. ನನ್ನ ಸಹೋದ್ಯೋಗಿಯ ಕಾರಿನಲ್ಲಿ 2011ರಲ್ಲೂ ಆ ಡಬ್ಬಿ ಇತ್ತು. ಜೂನ್ ತಿಂಗಳ ಚಳಿ ಶುರುವಾಗುವ ಮೊದಲು ಅವಳು ಅದಕ್ಕೆ ಅರ್ಧ ಲೀಟರ್ ಪೆಟ್ರೋಲ್ ಹಾಕಿಸುತ್ತಿದ್ದಳು.

ಈಗ ನಮ್ಮ ಮನೆ ಮಾಲೀಕರ ಕಥೆ ಹೇಳಬೇಕು. ನಿಮ್ಮ 'ಜನ ಒಪ್ಪಿಕೊಂಡ್ರಾ' ಅನ್ನುವ ಪ್ರಶ್ನೆಗೆ ಉತ್ತರ ಅವರ ಹತ್ತಿರ ಇದೆ. ಅವರು ಮೊದಲು ಟ್ಯಾಕ್ಸಿ ಓಡಿಸುತ್ತಿದ್ದವರು. ನಾನು ಹೋದಾಗ ಅರವತ್ತೆಂಟು ವಯಸ್ಸು. 1983ರಲ್ಲಿ ಎಥನಾಲ್ ಟ್ಯಾಕ್ಸಿ ತಗೊಂಡರಂತೆ. ಟ್ಯಾಕ್ಸಿಯವರಿಗೆ ತೆರಿಗೆ ವಿನಾಯಿತಿ ಇತ್ತು. ಎಥನಾಲ್ ಬೆಲೆ ಪೆಟ್ರೋಲ್ ಬೆಲೆಯ 65% ದಾಟುವುದಿಲ್ಲ ಅಂತ ಸರ್ಕಾರ ಮಾತು ಕೊಟ್ಟಿತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ 90%ಗಿಂತ ಜಾಸ್ತಿ ಎಥನಾಲ್ ಕಾರುಗಳೇ. "ಎಲ್ಲರೂ ತಗೊಂಡ್ರು, ನಾನೂ ತಗೊಂಡೆ" ಅನ್ನುತ್ತಿದ್ದರು.

1986ರಲ್ಲಿ ತೈಲ ಬೆಲೆ ಬಿದ್ದುಹೋಯಿತು. ಸರ್ಕಾರದ ಹತ್ತಿರ ಸಬ್ಸಿಡಿಗೆ ದುಡ್ಡಿರಲಿಲ್ಲ, ಕಾರ್ಖಾನೆಗಳಿಗೆ ಕೊಡುವ ಎಥನಾಲ್ ದರ ಏರಿಸಲಿಲ್ಲ. ಆಮೇಲೆ ಸಕ್ಕರೆ ಬೆಲೆ ಏರಿತು. ಕಾರ್ಖಾನೆಯವರು ಏನು ಮಾಡುತ್ತಾರೆ ಹೇಳಿ? ಕಬ್ಬನ್ನು ಸಕ್ಕರೆಗೆ ತಿರುಗಿಸಿದರು. 1989ರ ಕೊನೆಗೆ ಬಂಕ್‌ಗಳಲ್ಲಿ ಎಥನಾಲ್ ಇಲ್ಲ. ರಸ್ತೆ ಮೇಲೆ ಲಕ್ಷಗಟ್ಟಲೆ ಕಾರು, ಅವಕ್ಕೆ ಬೇರೆ ಇಂಧನ ಆಗದು. ಮಾಲೀಕರು ಬೆಳಗಿನ ಜಾವ ಮೂರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಮಗಳ ಮದುವೆಯ ವಾರ ಎರಡು ದಿನ ಗಾಡಿ ಮನೆ ಮುಂದೆ ನಿಂತೇ ಇತ್ತಂತೆ. ಪ್ರಪಂಚಕ್ಕೆಲ್ಲ ಎಥನಾಲ್ ಪಾಠ ಹೇಳಿದ ದೇಶ ಆಗ ಹೊರಗಿನಿಂದ ಎಥನಾಲ್ ತರಿಸಿತು. ಮೆಥನಾಲ್ ಕೂಡ ತರಿಸಿ, 60% ಎಥನಾಲ್, 33% ಮೆಥನಾಲ್, 7% ಪೆಟ್ರೋಲ್ ಸೇರಿಸಿ ಮಾರಿತು. ಮೆಥನಾಲ್ ವಿಷ. ಪಂಪ್ ಹಿಡಿಯುವ ಹುಡುಗರು ಹೆದರಿದ್ದರಲ್ಲಿ ತಪ್ಪೇನಿದೆ?

ಜನರ ನಂಬಿಕೆ ಅಲ್ಲಿಗೆ ಮುರಿಯಿತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಹೊಸ ಎಥನಾಲ್ ಕಾರು ನೂರಕ್ಕೆ ಒಂದೂ ಮಾರಾಟವಾಗುತ್ತಿರಲಿಲ್ಲ. ಮಾಲೀಕರು ತಮ್ಮ ಟ್ಯಾಕ್ಸಿಯನ್ನು ನಷ್ಟಕ್ಕೆ ಮಾರಿದರು. ಇನ್ನು ಜೀವ ಇರುವವರೆಗೆ ಎಥನಾಲ್ ಬೇಡ ಅಂತ ಹೆಂಡತಿಯ ಮುಂದೆ ಹೇಳಿದ್ದರಂತೆ. ಎಥನಾಲ್ ಕೆಟ್ಟದ್ದು ಅಂತ ಅವರು ಒಂದು ದಿನವೂ ಹೇಳಿದ್ದಿಲ್ಲ. "ಬೇರೆ ದಾರಿ ಇಲ್ಲದ ಹಾಗೆ ಮಾಡಿ ಕೈ ಬಿಟ್ರು" ಅನ್ನುವುದೇ ಅವರ ಕೋಪ. ಇಪ್ಪತ್ತು ವರ್ಷದ ಮೇಲೂ ಆ ಮಾತು ಹೇಳುವಾಗ ಅವರ ಧ್ವನಿ ಬದಲಾಗುತ್ತಿತ್ತು.

ಎಥನಾಲ್ ಮತ್ತೆ ಎದ್ದದ್ದು 2003ರ ಮಾರ್ಚ್‌ನಲ್ಲಿ. ಫೋಕ್ಸ್‌ವ್ಯಾಗನ್ ಗೋಲ್ ಅನ್ನುವ ಕಾರು ಫ್ಲೆಕ್ಸ್ ಎಂಜಿನ್ ಜೊತೆ ಬಂತು. ಟ್ಯಾಂಕಿಗೆ ಪೆಟ್ರೋಲ್ ಹಾಕಿ, ಎಥನಾಲ್ ಹಾಕಿ, ಎರಡನ್ನೂ ಎಷ್ಟು ಬೇಕಾದರೂ ಬೆರೆಸಿ ಹಾಕಿ, ಓಡುತ್ತದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಒಂದು ಸೆನ್ಸರ್ ನೋಡುತ್ತದೆ. ಅದರಿಂದ ಟ್ಯಾಂಕಿನಲ್ಲಿ ಯಾವುದು ಎಷ್ಟಿದೆ ಅಂತ ಗಾಡಿಯ ಕಂಪ್ಯೂಟರ್ ಅಂದಾಜು ಮಾಡಿ, ಇಂಧನವನ್ನೂ ಕಿಡಿಯನ್ನೂ ಹೊಂದಿಸಿಕೊಳ್ಳುತ್ತದೆ. ಐದಾರು ವರ್ಷದಲ್ಲಿ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಫ್ಲೆಕ್ಸ್ ಆದವು. ನಮ್ಮ ಮಾಲೀಕರೂ ಮಗನ ಒತ್ತಾಯಕ್ಕೆ ಒಂದು ತಗೊಂಡರು. ಮೊದಲ ಒಂದು ವರ್ಷ ಪೆಟ್ರೋಲ್ ಮಾತ್ರ ಹಾಕಿಸಿದರಂತೆ. ಆಮೇಲೆ ಒಂದು ದಿನ ಕಾಲು ಟ್ಯಾಂಕ್ ಎಥನಾಲ್ ಹಾಕಿಸಿ ನೋಡಿದರು. ನಾನು ನೋಡುವ ಹೊತ್ತಿಗೆ ಬಂಕ್‌ನ ಬೋರ್ಡ್ ನೋಡಿ, ಜೇಬಿನಿಂದ ಪುಟ್ಟ ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ ನೋಡುತ್ತಿದ್ದರು.

ಆ ಲೆಕ್ಕ ಅಲ್ಲಿ ಮಕ್ಕಳಿಗೂ ಗೊತ್ತು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಎಥನಾಲ್ ಬೆಲೆ ಪೆಟ್ರೋಲ್ ಬೆಲೆಯ 70%ಗಿಂತ ಕೆಳಗಿದ್ದರೆ ಎಥನಾಲ್, ಮೇಲಿದ್ದರೆ ಪೆಟ್ರೋಲ್. ಪೆಟ್ರೋಲ್ 6 ರಿಯಾಯ್ಸ್ (ಅಲ್ಲಿನ ದುಡ್ಡು) ಇದ್ದರೆ ಎಥನಾಲ್ 4.20ರ ಒಳಗೆ ಇರಬೇಕು, ಅಷ್ಟೇ. ನಿಮ್ಮ ಬೈಕ್ ಲೆಕ್ಕವೂ ಇದೇ. 20% ಎಥನಾಲ್ ಅಂದರೆ ಏನೂ ಬೆರೆಸದ ಪೆಟ್ರೋಲ್‌ಗಿಂತ ಶಕ್ತಿ ಸುಮಾರು 6–7% ಕಡಿಮೆ. 58 ಇದ್ದದ್ದು 54 ಆಗಿದೆ ಅಂದರೆ ನೀವು ಸರಿಯಾಗಿಯೇ ಅಳೆದಿದ್ದೀರಿ. ಅಲ್ಲಿ ಎಥನಾಲ್ ಹಾಕಿಸಿದವನಿಗೆ ಕಿಲೋಮೀಟರ್ ಕಡಿಮೆ ಬಂದರೆ ದುಡ್ಡೂ ಕಡಿಮೆ ಹೋಗುತ್ತದೆ. ನಮ್ಮಲ್ಲಿ ಇ20ಗೆ ಆ ರಿಯಾಯಿತಿ ಕೊಟ್ಟಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಒಂದು ವಿಷಯ ಮುಚ್ಚಿಡಬಾರದು. ಬ್ರೆಜಿಲ್‌ನಲ್ಲೂ ಎಥನಾಲ್ ಬೆರೆಸದ ಪೆಟ್ರೋಲ್ ಬಂಕ್‌ನಲ್ಲಿ ಸಿಗುವುದಿಲ್ಲ. ನಾನಿದ್ದಾಗ 2015ರಿಂದ 27% ಇತ್ತು, 2025ರ ಆಗಸ್ಟ್ 1ರಿಂದ 30% ಆಗಿದೆ. ಆದರೆ ಅಲ್ಲಿನ ಗಾಡಿಗಳು ದಶಕಗಳಿಂದ ಅದಕ್ಕೆ ತಕ್ಕ ಹಾಗೆಯೇ ತಯಾರಾಗುತ್ತಿವೆ. 2012ರ ಬೈಕ್ ಇಟ್ಟುಕೊಂಡವನು ಒಂದು ದಿನ ಬೆಳಿಗ್ಗೆ ಎದ್ದು ಹೊಸ ಇಂಧನ ನೋಡುವ ಪರಿಸ್ಥಿತಿ ಅಲ್ಲಿಲ್ಲ.

ಕಬ್ಬು ಬೆಳೆಯುವವರ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಈಗಲೇ ಬಹಳ ಉದ್ದವಾಯಿತು.

ಕೂಳೆಕಬ್ಬು ಬರೆದದ್ದು:

ಅಕ್ಕಾ, ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಮಾಲೀಕರ ಮಗಳ ಮದುವೆ ಕಥೆ ಕೇಳಿ ಸುಮ್ನೆ ಕೂತಿದ್ದರು. ಆಮೇಲೆ ಎರಡು ಪ್ರಶ್ನೆ ಕೇಳಿದ್ದಾರೆ. ಒಂದು, ಅಲ್ಲಿ ಕಬ್ಬಿಗೆ ದರ ಯಾರು ಕಟ್ಟುತ್ತಾರೆ? ಎರಡು, ಕಡಿಯುವವರು ಎಲ್ಲಿಂದ ಬರುತ್ತಾರೆ? ನಮ್ಮೂರಿಗೆ ಬಳ್ಳಾರಿ ಕಡೆಯಿಂದ ಗ್ಯಾಂಗ್ ಬರುತ್ತದೆ. ಹೋದ ವರ್ಷ ಅವರು ಬರುವುದು ತಡವಾಗಿ ಕಬ್ಬು ಗದ್ದೆಯಲ್ಲೇ ಒಣಗಿತು.

ಸ್ಪಾನರ್ ಬರೆದದ್ದು:

ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಬೈಕ್ ಬಗ್ಗೆ ಮಾತ್ರ ಹೇಳ್ತೀನಿ. 2012ರ ಗಾಡಿ ಅಂದರೆ ಕಾರ್ಬುರೇಟರ್ ಇರುತ್ತೆ. ಅದಕ್ಕೆ ಮೇಡಂ ಹೇಳಿದ ಸೆನ್ಸರ್ ಇಲ್ಲ. ಎಥನಾಲ್ ಜಾಸ್ತಿಯಾದರೆ ತಾನಾಗಿ ಹೊಂದಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಪೆಟ್ರೋಲ್ ಪೈಪ್, ಟ್ಯಾಂಕ್ ಕಾಕ್‌ನ ವಾಷರ್, ಕಾರ್ಬುರೇಟರ್ ಒಳಗಿನ ರಬ್ಬರ್ ಇವನ್ನು ಒಮ್ಮೆ ಬದಲಾಯಿಸಿ, ಖರ್ಚು ಹೆಚ್ಚಲ್ಲ. ಮುಖ್ಯವಾಗಿ ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಮಳೆಗಾಲದಲ್ಲಿ ಟ್ಯಾಂಕ್ ತಳದಲ್ಲಿ ನೀರು ನಿಂತ ಗಾಡಿಗಳು ನನ್ನ ಹತ್ತಿರ ಬಂದಿವೆ. ವಾರಕ್ಕೊಮ್ಮೆ ಮದ್ದೂರಿಗೆ ಓಡಿಸ್ತೀರಿ ಅಂದ ಮೇಲೆ ನಿಮಗೆ ಆ ತೊಂದರೆ ಬರಲಿಕ್ಕಿಲ್ಲ.

ಹುದುಗು ಬರೆದದ್ದು:

ಸ್ಪಾನರ್ ಅವರು ಹೇಳಿದ್ದು ಸರಿ. ಅದಕ್ಕೇ ಪೆಟ್ರೋಲಿಗೆ ಬೆರೆಸುವ ಎಥನಾಲ್‌ನಿಂದ ನೀರನ್ನು ಪೂರ್ತಿ ತೆಗೆದಿರಬೇಕು. ಆದರೆ ಬ್ರೆಜಿಲ್ ಬಂಕ್‌ಗಳಲ್ಲಿ ಎಥನಾಲ್ ಅಂತಲೇ ಮಾರುವುದರಲ್ಲಿ ಸುಮಾರು 5% ನೀರು ಇರುತ್ತದೆ. ಎಥನಾಲ್ ಒಂದೇ ಇದ್ದಾಗ ನೀರು ಅದರಲ್ಲಿ ಕರಗಿಕೊಂಡೇ ಇರುತ್ತದೆ, ತೊಂದರೆ ಇಲ್ಲ. ಪೆಟ್ರೋಲ್ ಜಾಸ್ತಿ, ಎಥನಾಲ್ ಕಡಿಮೆ ಇದ್ದಾಗಲೇ ನೀರು ಬೇರೆಯಾಗುವುದು. ಆ ಕೊನೆಯ ನೀರು ತೆಗೆಯುವ ಖರ್ಚು ಉಳಿಯುವುದೂ ಅದು ಅಗ್ಗವಾಗಲು ಒಂದು ಕಾರಣ.

ಅಪ್ಪನ ಮೊದಲ ಪ್ರಶ್ನೆ, ಬಹಳ ಒಳ್ಳೆಯ ಪ್ರಶ್ನೆ. ಸಾವೊ ಪಾಲೊದಲ್ಲಿ ತೊಂಬತ್ತರ ದಶಕದ ಕೊನೆಯವರೆಗೂ ಸರ್ಕಾರವೇ ದರ ಕಟ್ಟುತ್ತಿತ್ತು. ಸರ್ಕಾರ ಕೈ ತೆಗೆದ ಮೇಲೆ ಬೆಳೆಗಾರರೂ ಕಾರ್ಖಾನೆಯವರೂ ಸೇರಿ 'ಕೊನ್ಸೆಕಾನಾ' ಅನ್ನುವ ಮಂಡಳಿ ಮಾಡಿಕೊಂಡರು. ಲಾರಿಯಲ್ಲಿ ಬಂದ ಕಬ್ಬಿನಿಂದ ತುಂಡು ತೆಗೆದು ಲ್ಯಾಬ್‌ನಲ್ಲಿ ಹಿಂಡಿ, ಟನ್ನಿಗೆ ಎಷ್ಟು ಕಿಲೋ ಸಕ್ಕರೆ ಅಂಶ ಸಿಗುತ್ತದೆ ಅಂತ ಅಳೆಯುತ್ತಾರೆ. ಆ ಒಂದು ಕಿಲೋಗೆ ದರ. ಆ ದರ ಸಕ್ಕರೆ ಮತ್ತು ಎಥನಾಲ್ ಎರಡರ ಮಾರುಕಟ್ಟೆ ಬೆಲೆ ನೋಡಿ ತಿಂಗಳು ತಿಂಗಳೂ ಪ್ರಕಟವಾಗುತ್ತದೆ. ಎಥನಾಲ್‌ಗೆ ಒಳ್ಳೆ ಬೆಲೆ ಬಂದರೆ ಬೆಳೆಗಾರನಿಗೂ ಪಾಲು ಸಿಗುತ್ತದೆ. ಬೆಲೆ ಬಿದ್ದರೆ ಅವನದೂ ಬೀಳುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರ ಕಟ್ಟುವ ಕಬ್ಬಿನ ಕನಿಷ್ಠ ದರ ಎಫ್‌ಆರ್‌ಪಿಯ ಹಾಗೆ ಇಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಆಸರೆ ಅದರಲ್ಲಿ ಇಲ್ಲ.

ಇನ್ನೊಂದನ್ನೂ ಅಪ್ಪನಿಗೆ ಹೇಳಿ. ಎರಡೂವರೆ ಎಕರೆಯ ಕಬ್ಬು ಬೆಳೆಗಾರನನ್ನು ನಾನು ಅಲ್ಲಿ ಹುಡುಕಿದರೂ ಕಾಣಲಿಲ್ಲ. ಕಾರ್ಖಾನೆಗಳು ತಮ್ಮದೇ ಜಮೀನಿನಲ್ಲಿ, ಇಲ್ಲವೇ ಗುತ್ತಿಗೆ ಹಿಡಿದ ಜಮೀನಿನಲ್ಲಿ ದೊಡ್ಡ ಪಾಲು ತಾವೇ ಬೆಳೆಯುತ್ತವೆ. ಸಣ್ಣ ಜಮೀನಿನವರು ಗುತ್ತಿಗೆಗೆ ಕೊಟ್ಟು ಪಟ್ಟಣ ಸೇರಿದ್ದಾರೆ. ಬ್ರೆಜಿಲ್ ತರಹ ಆಗೋಣ ಅಂದಾಗ ನನಗೆ ಮೊದಲು ಹೆದರಿಕೆ ಆಗುವುದು ಇದಕ್ಕೇ.

ಕಡಿಯುವವರ ವಿಷಯ. ಅವರನ್ನು ಅಲ್ಲಿ 'ಬೋಯಾ ಫ್ರಿಯಾ' ಅನ್ನುತ್ತಿದ್ದರು. ಆರಿದ ಊಟ ಅಂತ ಅರ್ಥ. ನಸುಕಿನಲ್ಲಿ ಕಟ್ಟಿಕೊಂಡು ಹೋದ ಬುತ್ತಿಯನ್ನು ಗದ್ದೆಯಲ್ಲಿ ತಣ್ಣಗೇ ತಿನ್ನುತ್ತಿದ್ದರಲ್ಲ, ಅದಕ್ಕೆ. ಮರನ್ಯಾವುಂ, ಪಿಯಾವಿಯಂಥ ದೂರದ ಬಡ ರಾಜ್ಯಗಳಿಂದ ಬಸ್ಸು ತುಂಬಿ ಬರುತ್ತಿದ್ದರು. 1984ರ ಮೇ ತಿಂಗಳಲ್ಲಿ ಗ್ವಾರಿಬಾ ಅನ್ನುವ ಊರಿನಲ್ಲಿ ಅವರು ದೊಡ್ಡ ಮುಷ್ಕರ ಮಾಡಿದರು. ಮೊದಲು ಒಬ್ಬೊಬ್ಬರು ಐದು ಸಾಲು ಹಿಡಿದು ಕಡಿಯುತ್ತಿದ್ದರು, ಅದನ್ನು ಏಳು ಸಾಲು ಮಾಡಿದ್ದೇ ಮುಖ್ಯ ಕಾರಣ. ಎರಡು ಸಾಲು ಏನು ಮಹಾ ಅನ್ನಿಸಬಹುದು. ಕಡಿದ ಕಬ್ಬನ್ನು ನಡುವಿನ ಸಾಲಿಗೆ ಹೊತ್ತು ತಂದು ಹಾಕಬೇಕು. ಏಳು ಸಾಲಾದರೆ ನಡಿಗೆ ಹೆಚ್ಚು, ಕಡಿಯುವ ಸಮಯ ಕಡಿಮೆ. ಕೂಲಿ ಇರುವುದು ಕಡಿದ ಲೆಕ್ಕಕ್ಕೆ. ಪೊಲೀಸರು ಬಂದರು, ಒಂದು ಜೀವ ಹೋಯಿತು. ಕೊನೆಗೆ ಐದು ಸಾಲೇ ಉಳಿಯಿತು.

ಕಡಿಯುವ ಮೊದಲು ಸೋಗೆ ಸುಡುತ್ತಿದ್ದರು. ನಾನು ಹೋದ ಹೊಸತರಲ್ಲಿ ಒಣಗಲು ಹಾಕಿದ ಬಿಳಿ ಬಟ್ಟೆ ಮೇಲೆ ಕಪ್ಪು ಬೂದಿಯ ಎಳೆಗಳು ಬಂದು ಬೀಳುತ್ತಿದ್ದವು. ಅದಕ್ಕೆ ಆ ಊರವರು 'ಕಾರ್ವಾವುಂಜಿನ್ಯೊ' ಅನ್ನುತ್ತಿದ್ದರು, ಪುಟ್ಟ ಇದ್ದಿಲು ಅಂತ. ಮಕ್ಕಳಿಗೆ ಕೆಮ್ಮು. ಸಾವೊ ಪಾಲೊ ರಾಜ್ಯ 2002ರಲ್ಲಿ ಸುಡುವುದನ್ನು ಹಂತಹಂತವಾಗಿ ನಿಲ್ಲಿಸುವ ಕಾನೂನು ಮಾಡಿತು. 2007ರಲ್ಲಿ ಕಾರ್ಖಾನೆಗಳ ಜೊತೆ ಒಪ್ಪಂದ ಮಾಡಿಕೊಂಡು ಗಡುವನ್ನು ಇನ್ನೂ ಹತ್ತಿರ ತಂದಿತು. ಸುಡದ ಕಬ್ಬನ್ನು ಕೈಯಲ್ಲಿ ಕಡಿಯುವುದು ಕಷ್ಟ, ಹಾಗಾಗಿ ಯಂತ್ರ ಬಂತು. ಒಂದು ಯಂತ್ರ ಸುಮಾರು ನೂರು ಜನರ ಕೆಲಸ ಮಾಡುತ್ತದೆ. ನಾನು ವಾಪಸ್ ಬರುವ ಹೊತ್ತಿಗೆ ಬಟ್ಟೆ ಬೆಳ್ಳಗೆ ಒಣಗುತ್ತಿತ್ತು, ಬಸ್ಸು ತುಂಬಿ ಬರುತ್ತಿದ್ದ ಜನ ಕಾಣುತ್ತಿರಲಿಲ್ಲ. ಕೆಲವರಿಗೆ ಯಂತ್ರ ಓಡಿಸುವ ತರಬೇತಿ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ.

ಹೊಂಗೆನೆರಳು ಬರೆದದ್ದು:

ಹಾಸನದವನು. ನಮ್ಮಲ್ಲಿ ಮಡೆನೂರಿನ ಬಯೋಫ್ಯೂಯಲ್ ಪಾರ್ಕ್‌ನವರು ಹೇಳಿದ್ದಕ್ಕೆ ಬದುವಿನಲ್ಲಿ ಹೊಂಗೆ ಹಾಕಿದ್ದೆವು. ಮರ ಚೆನ್ನಾಗಿ ಬಂದಿದೆ, ಬೀಜ ಮಾರಿ ಅಂಥ ದುಡ್ಡೇನೂ ಆಗಿಲ್ಲ. ಬ್ರೆಜಿಲ್‌ನಲ್ಲಿ ಡೀಸೆಲ್‌ಗೆ ಏನು ಮಾಡಿದರು? ಲಾರಿ, ಟ್ರ್ಯಾಕ್ಟರ್ ಎಲ್ಲ ಡೀಸೆಲ್ ತಾನೆ?

ಹುದುಗು ಬರೆದದ್ದು:

ನಿಮ್ಮ ಹೊಂಗೆಯ ಹಾಗೆಯೇ ಅಲ್ಲಿ ಹರಳಿನ ಕಥೆ ಇದೆ. 2005ರ ಜನವರಿಯಲ್ಲಿ ಲೂಲಾ ಸರ್ಕಾರ ಬಯೋಡೀಸೆಲ್ (ಎಣ್ಣೆಬೀಜದ ಎಣ್ಣೆಯಿಂದ ಮಾಡುವ ಡೀಸೆಲ್) ಕಾನೂನು ತಂದಿತು. ಈಶಾನ್ಯದ ಒಣ ಪ್ರದೇಶದ ಸಣ್ಣ ರೈತರು ಹರಳು ಬೆಳೆಯಬೇಕು, ಅವರಿಂದ ಕೊಂಡ ಕಂಪನಿಗೆ 'ಸಾಮಾಜಿಕ ಇಂಧನ ಮುದ್ರೆ' ಮತ್ತು ತೆರಿಗೆ ವಿನಾಯಿತಿ. ಯೋಚನೆ ಚೆನ್ನಾಗಿತ್ತು. ಆದರೆ ಹರಳೆಣ್ಣೆ ಎಷ್ಟು ಮಂದ ಅಂತ ನಮ್ಮ ಅಜ್ಜಿಯರಿಗೆಲ್ಲ ಗೊತ್ತು. ಅದರಿಂದ ಆದ ಡೀಸೆಲ್ಲೂ ಮಂದ. ಅದಕ್ಕಿಂತ ದೊಡ್ಡ ಕಾರಣ ಬೆಲೆ. ಹರಳೆಣ್ಣೆಗೆ ಲೂಬ್ರಿಕೆಂಟ್, ಬಣ್ಣ, ಸೌಂದರ್ಯ ಸಾಮಗ್ರಿ ಮಾಡುವವರು ಹೆಚ್ಚು ದುಡ್ಡು ಕೊಡುತ್ತಾರೆ. ಸುಟ್ಟು ಹಾಕುವುದಕ್ಕೆ ಯಾರು ಕೊಡುತ್ತಾರೆ? ಕೊನೆಗೆ ಬಯೋಡೀಸೆಲ್‌ನ ಬಹುಪಾಲು ಸೋಯಾ ಎಣ್ಣೆಯಿಂದ ಬಂತು, ಅದೂ ದೊಡ್ಡ ದೊಡ್ಡ ಜಮೀನುಗಳಿಂದ. ಬೆರೆಸುವ ಪ್ರಮಾಣ 2008ರಲ್ಲಿ 2% ಇದ್ದದ್ದು 2025ರ ಆಗಸ್ಟ್‌ನಲ್ಲಿ 15% ಆಗಿದೆ. ಇಂಧನದ ಲೆಕ್ಕದಲ್ಲಿ ಗೆದ್ದರು. ಯಾರ ಹೆಸರಿನಲ್ಲಿ ಶುರು ಮಾಡಿದರೋ ಅವರಿಗೆ ಸಿಕ್ಕಿದ್ದು ಕಡಿಮೆ. ನಮ್ಮಲ್ಲೂ ಕಾಡು ಹರಳು ನೆಡಿಸಿ 2012ರ ಹೊತ್ತಿಗೆ 20% ಬಯೋಡೀಸೆಲ್ ಮಾಡುತ್ತೇವೆ ಅಂದಿದ್ದರು, ನೆನಪಿದೆಯಾ?

ಕೂಳೆಕಬ್ಬು ಬರೆದದ್ದು:

ಅಕ್ಕಾ, ನಿಮ್ಮ ಯೀಸ್ಟ್ ಕೆಲಸದ ಬಗ್ಗೆಯೂ ಸ್ವಲ್ಪ ಹೇಳಿ. ಮತ್ತೆ ಡಿಸ್ಟಿಲರಿ ಕೊಳಚೆ ನೀರನ್ನು ಅಲ್ಲಿ ಏನು ಮಾಡುತ್ತಾರೆ? ನಮ್ಮ ಕಡೆ ಅದರ ವಾಸನೆಗೇ ಜನ ಜಗಳಕ್ಕೆ ಹೋಗುತ್ತಾರೆ.

ಹುದುಗು ಬರೆದದ್ದು:

ಯೀಸ್ಟ್ ಬಗ್ಗೆ ಕೇಳಿದಿರಿ, ನನಗೆ ಬಹಳ ಖುಷಿ ಆಯ್ತು. ಯಾರೂ ಕೇಳದ ವಿಷಯ ಇದು.

ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ಅಲ್ಲಿನ ಪದ್ಧತಿ ಹಾಗೆಯೇ. ತೊಟ್ಟಿಯಲ್ಲಿ ಕಬ್ಬಿನ ಹಾಲು, ಕಾಕಂಬಿ ಎರಡನ್ನೂ ಸೇರಿಸಿ ಯೀಸ್ಟ್ ಹಾಕುತ್ತಾರೆ. ಎಂಟರಿಂದ ಹನ್ನೆರಡು ಗಂಟೆಯಲ್ಲಿ ಹುದುಗು ಮುಗಿಯುತ್ತದೆ. ಆ ಯೀಸ್ಟನ್ನು ಬಿಸಾಡುವುದಿಲ್ಲ. ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿ, ಗಂಧಕಾಮ್ಲ ಹಾಕಿದ ನೀರಿನಲ್ಲಿ ಒಂದೆರಡು ಗಂಟೆ ತೊಳೆಯುತ್ತಾರೆ. ಬ್ಯಾಕ್ಟೀರಿಯಾ ಸಾಯುತ್ತದೆ, ಯೀಸ್ಟ್ ತಡೆದುಕೊಳ್ಳುತ್ತದೆ. ಮತ್ತೆ ತೊಟ್ಟಿಗೆ. ದಿನಕ್ಕೆ ಎರಡು ಸಲ, ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಸೀಸನ್ ಮುಗಿಯುವ ತನಕ.

ಮೊದಲೆಲ್ಲ ಬೇಕರಿ ಯೀಸ್ಟ್ ಹಾಕಿ ಶುರು ಮಾಡುತ್ತಿದ್ದರು. ಕೆಲವು ವಾರದಲ್ಲಿ ಅದು ಸತ್ತು, ಕಬ್ಬಿನ ಜೊತೆ ಗದ್ದೆಯಿಂದ ಬಂದ ಕಾಡು ಯೀಸ್ಟ್ ತೊಟ್ಟಿಯನ್ನು ಆಕ್ರಮಿಸುತ್ತಿತ್ತು. ತೊಂಬತ್ತರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಹೀಗೆ ಬಂದು ಬದುಕಿ ಉಳಿದವುಗಳನ್ನೇ ಹುಡುಕಿ, ಒಳ್ಳೆಯದನ್ನು ಆರಿಸಿದರು. ಪಿಇ-2, ಕ್ಯಾಟ್-1 ಅಂತ ಅವುಗಳ ಹೆಸರು. ಕಾರ್ಖಾನೆಯ ತೊಟ್ಟಿಯಲ್ಲೇ ಹುಟ್ಟಿ ಗಟ್ಟಿಯಾದ ತಳಿಗಳು. ನನ್ನ ಕೆಲಸ ಬೆಳಿಗ್ಗೆ ಬಂದ ಮಾದರಿಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸತ್ತದ್ದು ನೀಲಿಯಾಗುತ್ತದೆ, ಬದುಕಿದ್ದು ಬಣ್ಣ ಹಿಡಿಯುವುದಿಲ್ಲ. ಎಣಿಸಿ ಬರೆಯಬೇಕು. ಒಂಬತ್ತು ವರ್ಷ ಎಣಿಸಿದೆ. ಒಂದು ದಿನವೂ ಬೇಸರ ಬರಲಿಲ್ಲ.

ಪ್ರೊಆಲ್ಕೂಲ್ ಶುರುವಾದಾಗ ಹೆಕ್ಟೇರಿಗೆ ಮೂರು ಸಾವಿರ ಲೀಟರ್ ಎಥನಾಲ್ ಬರುವುದೂ ಕಷ್ಟವಿತ್ತು. ಈಗ ಆರು ಸಾವಿರ ದಾಟಿದೆ. ಹೊಸ ಕಬ್ಬಿನ ತಳಿ, ಯೀಸ್ಟ್, ಸಿಪ್ಪೆ ಸುಟ್ಟು ವಿದ್ಯುತ್ ಮಾಡಿ ಮಾರುವುದು, ಹೀಗೆ ಸಣ್ಣ ಸಣ್ಣ ಕೆಲಸ ನಲವತ್ತು ಐವತ್ತು ವರ್ಷ ಬಿಡದೆ ಮಾಡಿದ್ದಾರೆ.

ಕೊಳಚೆ ನೀರು, ಅಂದರೆ ಸ್ಪೆಂಟ್ ವಾಶ್. ಒಂದು ಲೀಟರ್ ಎಥನಾಲ್‌ಗೆ ಹತ್ತು ಲೀಟರಿಗೂ ಹೆಚ್ಚು ಬರುತ್ತದೆ. ಮೊದಲು ನದಿಗೆ ಬಿಡುತ್ತಿದ್ದರು. ಪಿರಾಸಿಕಾಬಾ ಅಂದರೆ ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಮೀನು ಬಂದು ನಿಲ್ಲುವ ಜಾಗ. ಆ ನದಿಯಲ್ಲೇ ಮೀನು ಸತ್ತು ತೇಲುತ್ತಿದ್ದವು ಅಂತ ಹಳಬರು ಹೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನದಿಗೆ ಬಿಡುವುದನ್ನು ನಿಷೇಧಿಸಿದರು. ಅದರಲ್ಲಿ ಪೊಟ್ಯಾಷ್ ಬಹಳ ಇದೆ. ಈಗ ಕಾಲುವೆ, ಪೈಪ್ ಮೂಲಕ ಕಬ್ಬಿನ ಗದ್ದೆಗೇ ಗೊಬ್ಬರವಾಗಿ ಹೋಗುತ್ತದೆ. ಮಣ್ಣಿಗೆ ಎಷ್ಟು ಬಿಡಬಹುದು ಅಂತ ಮಿತಿ ಇದೆ, ಅತಿಯಾದರೆ ಅಂತರ್ಜಲ ಕೆಡುತ್ತದೆ. ವಾಸನೆ ಅಲ್ಲೂ ಇದೆ, ಅದು ಹೋಗಿಲ್ಲ.

ನಿಮ್ಮ ಅಪ್ಪನಿಗೆ ಇನ್ನೊಂದು ಮಾತು. ಐವತ್ತರ ದಶಕದ ಹೊತ್ತಿಗೆ ಸಾವೊ ಪಾಲೊದ ಗದ್ದೆಗಳಲ್ಲಿ ಕೊಯಮತ್ತೂರಿನಲ್ಲಿ ಬೆಳೆಸಿದ ಕಬ್ಬಿನ ತಳಿಗಳೂ ಇದ್ದವು. ಸಿಒ 290, ಸಿಒ 419. ನಾನು ಅಲ್ಲಿನ ಹಳೆಯ ತಳಿಗಳ ಪಟ್ಟಿಯಲ್ಲಿ ಆ ಎರಡಕ್ಷರ ಕಂಡಾಗ ಪಕ್ಕದವಳನ್ನು ಕರೆದು ತೋರಿಸಿದ್ದೆ.

ಕೂಳೆಕಬ್ಬು ಬರೆದದ್ದು:

ಅಕ್ಕಾ, 419 ಅಂದ ಕೂಡಲೇ ಅಪ್ಪ ಫೋನ್ ಕಿತ್ತುಕೊಂಡರು. ಅದು ನಮ್ಮ ತಾತ ಹಾಕುತ್ತಿದ್ದ ತಳಿಯಂತೆ. ಆಲೆಮನೆಗೆ ಅದೇ ಹೋಗುತ್ತಿತ್ತಂತೆ, ಬೆಲ್ಲ ಗಟ್ಟಿ ಬರುತ್ತಿತ್ತಂತೆ. ಅರ್ಧ ಗಂಟೆ ಅದನ್ನೇ ಹೇಳಿದರು. ಬೈಕ್ ವಾದ ಮರೆತೇ ಹೋಯಿತು. ಕೊನೆಯದಾಗಿ ಅವರದೊಂದು ಪ್ರಶ್ನೆ ಇದೆ. ಅಲ್ಲಿ ಎಷ್ಟು ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡ್ತಾರೆ?

ಹುದುಗು ಬರೆದದ್ದು:

ಒಂದು ನಾಟಿಗೆ ಐದು ಕೊಯ್ಲು, ಕೆಲವು ಕಡೆ ಆರು. ಆಮೇಲೆ ಬುಡ ಕಿತ್ತು ಒಂದು ಮಳೆಗಾಲ ಕಡಲೆಕಾಯಿ ಅಥವಾ ಸೋಯಾ ಹಾಕುತ್ತಾರೆ. ಸೆರ್ತಾವುಂಜಿನ್ಯೊ, ಜಬೊಟಿಕಬಾಲ್ ಕಡೆ ಕಬ್ಬಿನ ನಡುವೆ ಕಡಲೆಕಾಯಿ ಹೊಲ ಬಹಳ ನೋಡಿದ್ದೇನೆ. ಅದು ಮುಗಿದ ಮೇಲೆ ಮತ್ತೆ ಕಬ್ಬು ನಾಟಿ. ಅಪ್ಪ ಎಷ್ಟು ಕೂಳೆ ಬಿಡುತ್ತಾರೆ ಅಂತ ಕೇಳಿ ಹೇಳಿ.

ಕೂಳೆಕಬ್ಬು ಬರೆದದ್ದು:

ಎರಡು. ಮೂರನೆಯದು ಬಿಟ್ಟರೆ ಇಳುವರಿ ಬೀಳುತ್ತೆ ಅಂತಾರೆ. ಈ ಸಲ ಕಬ್ಬು ಹೋದ ಮೇಲೆ ಅರ್ಧ ಎಕರೆಗೆ ಕಡಲೆಕಾಯಿ ಹಾಕಿ ನೋಡ್ತೀನಿ ಅಂತಲೂ ಅಂದರು. ನಾಲೆ ನೀರು ಯಾವಾಗ ಬಿಡ್ತಾರೆ ಅಂತ ನೋಡಬೇಕು.